ತಲೆದಿಂಬಿಗೆ ಕೆಂಪು ಸೀರೆ

ಜಯನಗರ
೩-೨-೧೯೬೨

ಅವ್ವನಿಗೆ ನಮಸ್ಕಾರ.

ನಿನ್ನ ಮೊಮ್ಮಗ ನಂಜುಂಡನ ಮೂಗಿನಲ್ಲಿ ರಕ್ತ ಬರೋದು ಉಷ್ಣಕ್ಕಲ್ಲವಂತೆ. ಮೂಗಿನ ಹಿಂದೆ ರಕ್ತನಾಳಗಳದೇ ಒಂದು ಗಡ್ಡೆ ಬೆಳೆದಿದೆಯಂತೆ. ಬೆಳೆಯೋ ಹುಡುಗರಿಗೆ ಅಪರೂಪಕ್ಕೆ ಬರುತ್ತದೆ, ಕೆದಕಿದರೆ ರಕ್ತ ನಿಲ್ಲಿಸೋದು ಕಷ್ಟ ಅಂದರು ಡಾಕ್ಟರು. ಆಪರೇಷನ್ನಿಗೆ ಇನ್ನೂ ತಿಂಗಳು ಕಾಯಬೇಕು.

ನಾಟಿ ವೈದ್ಯರ ನಸ್ಯ ಇನ್ನು ಕಳಿಸಬೇಡ. ನಿನ್ನ ಹಳೇ ಕೆಂಪು ಸೀರೆ ಕಳಿಸು, ಅವನ ದಿಂಬಿಗೆ ಚೀಲ ಹೊಲಿಯುತ್ತೇನೆ. ಬಿಳಿ ಚೀಲದ ಮೇಲಿನ ಕಲೆ ನನಗೆ ಕಾಣಬಾರದೆಂದು ಬೆಳಗ್ಗೆ ಅವನೇ ಎದ್ದು ಒಗೆದು ಹಾಕುತ್ತಾನೆ. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತೇನೆ. ನಲ್ಲಿಯ ಸದ್ದು ಕೇಳಿದ ಮೇಲೇ ನನಗೆ ಉಸಿರು ಬರೋದು.

ಇವತ್ತು ಅದು ಬಹಳ ತಡವಾಗಿ ಕೇಳಿಸಿತು, ಅವ್ವ.

ನಿನ್ನ ಮಗಳು,
ಸಿದ್ದಗಂಗೆ