ವಾಸದ ಮನೆಯಲ್ಲಿ ಕಂಡುಬರಲಿಲ್ಲ

೧೯೩೯ ಏಪ್ರಿಲ್ ೧೧, ಮಂಗಳವಾರ. ಹೊಳೆನರಸೀಪುರ.

ಮಾರ್ಚ್ ೨೦ರಂದು, ಹಾಡುಹಗಲು ಹನ್ನೊಂದು ಗಂಟೆಗೆ, ನಾನು ಜಾಮೀನು ನಿಂತ ಮನುಷ್ಯನನ್ನು ಕಚೇರಿಯವರು ಇಲ್ಲವೆಂದು ಬರೆದುಕೊಂಡಿದ್ದಾರೆ. ಈ ದಿನ ಟಪಾಲಿನಲ್ಲಿ ಗೊತ್ತಾಯಿತು. ಪೂಜೆ ಮುಗಿಸಿ ವಾಚನಾಲಯದ ಬೀಗದ ಕೈ ಹುಡುಕುತ್ತಿದ್ದೆ, ಅಷ್ಟರಲ್ಲಿ ಬಂತು. ‘ಪಾಸ್‌ಪೋರ್ಟ್ ಕೋರಿರುವ ಲಕ್ಕಯ್ಯ ಬಿನ್ ಬೋರಪ್ಪ, ತೊರೆಕೊಪ್ಪಲು, ಎಂಬುವನು ವಿಚಾರಣೆಯ ಕಾಲದಲ್ಲಿ ವಾಸದ ಮನೆಯಲ್ಲಿ ಕಂಡುಬರಲಿಲ್ಲವಾಗಿ ಅರ್ಜಿಯನ್ನು ವಾಪಸು ಮಾಡಿದೆ.’

ಅರ್ಜಿ ಕೊಟ್ಟದ್ದು ಫೆಬ್ರವರಿ ೬. ಜಾಮೀನು ರುಜು ನನ್ನದು — ಈಶ್ವರಯ್ಯ, ನಿವೃತ್ತ ಹೆಡ್‌ಮಾಸ್ಟರ್. ಅದಕ್ಕೇ ನನಗೂ ಒಂದು ಪ್ರತಿ.

ಲಕ್ಕಯ್ಯ ನನ್ನ ಶಿಷ್ಯ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದ. ತೊರೆಕೊಪ್ಪಲಿನ ಕೇರಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಮಣ್ಣಿನ ರಸಾಯನ ಕಲಿಯಲು ಇಂಗ್ಲೆಂಡಿನ ಕಾಲೇಜೊಂದು ಸೀಟು ಕೊಟ್ಟಿದೆ, ವಿದ್ಯಾರ್ಥಿವೇತನದ ಸಮೇತ. ಅಕ್ಟೋಬರ್ ೫ರಂದು ಅಲ್ಲಿ ಹಾಜರಿರಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಇನ್ನೊಂದು ಸಲ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ.

ಆಗಸ್ಟ್ ೩ಕ್ಕೆ ಬೊಂಬಾಯಿಯಿಂದ ಇಟಲಿಯ ಹಡಗು. ಇಟಲಿಯಲ್ಲಿ ಇಳಿದು ರೈಲು ಹಿಡಿಯಬೇಕು, ಆದ್ದರಿಂದ ವೀಸಾ ಮುದ್ರೆ ಬೇಕು. ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ. ವೀಸಾ ಇಲ್ಲದೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದವನಿಗೆ ಪಾಸ್‌ಪೋರ್ಟ್ ಯಾತಕ್ಕೆ ಎಂದು ಇವರ ಪ್ರಶ್ನೆ… ಓದಿ ಓದಿ ಕಣ್ಣು ಸೋತವು.

ಅದೇ ದಿನ, ಸಂಜೆ ನಾಲ್ಕು.

ಲಕ್ಕಯ್ಯ ಬಂದಿದ್ದ. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಎಂದಿನಂತೆ.

‘ಅವತ್ತು ಎಲ್ಲಿ ಹಾಳಾಗಿ ಹೋಗಿದ್ದೆಯಪ್ಪ?’ ಎಂದೆ.

‘ಎಲ್ಲಿಗೂ ಇಲ್ಲ ಮೇಷ್ಟ್ರೆ. ಇನ್‌ಸ್ಪೆಕ್ಟರ ಮುಂದೇನೇ ನಿಂತಿದ್ದೆ. ಕೇರಿ ತುದಿ ಹುಣಸೇಮರದ ಕೆಳಗೆ ನಿಂತು ಕರೆದ್ರು, ಹೋದೆ. ಫೋಟೋ ನೋಡಿದ್ರು, ನನ್ನ ಮುಖ ನೋಡಿದ್ರು. ಹೂಂ, ನೀನೇ ಅಂದ್ರು.’

‘ಮತ್ತೆ?’

‘ಮನೇಲೇ ವಿಚಾರಿಸಬೇಕು ಅಂತ ರೂಲ್ಸಂತೆ. ಮನೆಗೆ ಹೆಂಗೆ ಬರ್ತಾರೆ? ನಮ್ಮಜ್ಜಿ ಪೊರಕೆ ಹಿಡಿದು ಅಡ್ಡ ನಿಂತಿದ್ಲು.’

ಇನ್‌ಸ್ಪೆಕ್ಟರು ಬ್ರಾಹ್ಮಣರು. ಇದು ನಮ್ಮ ಸೀಮೆಯ ಹಳೆಯ ಪದ್ಧತಿ. ಬ್ರಾಹ್ಮಣರು ಕೇರಿಗೆ ಕಾಲಿಟ್ಟರೆ ಕೇರಿಗೇ ಕೇಡು ಎಂಬ ನಂಬಿಕೆ. ಹಿರಿಯ ಹೆಂಗಸರು ಪೊರಕೆ, ಕೆರ ಹಿಡಿದು ತಡೆಯುತ್ತಾರೆ. ಬರುವವರಿಗೂ ಬರಲು ಮನಸ್ಸಿಲ್ಲ — ಆಮೇಲೆ ಸ್ನಾನದ ಕಾಟ. ಎರಡು ಕಡೆಯವರೂ ತುಟಿ ಬಿಚ್ಚದೆ ಒಪ್ಪಿಕೊಂಡ ಏಕೈಕ ವಿಷಯ ಬಹುಶಃ ಇದೇ. ಇನ್‌ಸ್ಪೆಕ್ಟರು ‘ನೀನು ಬಿಡೋದೂ ಬೇಡ ತಾಯಿ, ನಾನು ಬರೋದೂ ಬೇಡ’ ಎಂದು ಕೈ ಮುಗಿದು ಹೋದರಂತೆ. ಹೋಗಿ ರೂಲ್ಸಿನ ಪ್ರಕಾರ ಬರೆದರು. ಮನೆಯಲ್ಲಿ ಕಂಡುಬರಲಿಲ್ಲ. ನಿಜವೇ. ಮರದ ಕೆಳಗಿದ್ದನಲ್ಲ!

‘ಮರದ ಕೆಳಗೆ ಕಂಡುಬಂದ ಅಂತಾನಾದ್ರೂ ಬರೀಬೋದಿತ್ತು’ ಎಂದು ಲಕ್ಕಯ್ಯ ನಕ್ಕ. ನನಗೆ ನಗು ಬರಲಿಲ್ಲ.

ಪ್ಲೇಗಿನ ವರ್ಷ ಜ್ಞಾಪಕವಿದೆ. ಆಗ ನಾನು ಚಿಕ್ಕವನು. ಇದೇ ಸರ್ಕಾರದವರು ಇದೇ ಕೇರಿಯ ಗುಡಿಸಲು ಗುಡಿಸಲು ಹೊಕ್ಕು ಗಂಟು ಬಂದವರನ್ನು ಎಳೆದು ತಂದರು, ಸೂರು ಕಿತ್ತರು, ಸುಣ್ಣ ಎರಚಿದರು. ಆಗ ಯಾವ ಪೊರಕೆ ಅಡ್ಡ ಬಂದಿತ್ತು? ಹಿಂದಿನ ಯುದ್ಧದಲ್ಲಿ ಆಳು ಬೇಕಾದಾಗಲೂ ಮನೆ ಸಿಕ್ಕಿತು. ಕೊಡಬೇಕಾಗಿ ಬಂದಾಗ ಮಾತ್ರ ಮನೆ ಸಿಗುವುದಿಲ್ಲ.

ಏಪ್ರಿಲ್ ೧೫. ಹಾಸನದಿಂದ ಬಂದು.

ಬಸ್ಸಿನ ಧೂಳು, ಸೆಕೆ. ಕಚೇರಿಯ ವೆರಾಂಡದಲ್ಲಿ ಎರಡು ಗಂಟೆ ನಿಂತೆ. ಗುಮಾಸ್ತ ರುದ್ರಯ್ಯ, ನಮ್ಮ ಪೈಕಿಯವನೇ. ನಾನು ಪ್ಲೇಗಿನ ಕಥೆ ತೆಗೆದೆ.

‘ಮೇಷ್ಟ್ರೆ, ಕೂಗಾಡಬೇಡಿ. ಒಳಗೆ ಸಾಹೇಬರಿದಾರೆ’ ಎಂದ. ಆಮೇಲೆ ತಗ್ಗಿದ ದನಿಯಲ್ಲಿ: ‘ಮತ್ತೆ ವಿಚಾರಣೆ ಕೇಳಿದ್ರೆ ಮತ್ತೆ ಅದೇ ಮರ, ಅದೇ ಪೊರಕೆ. ಇನ್ನೊಂದು ದಾರಿ ಇದೆ. ಜಾಮೀನುದಾರರು ತಾವೇ ಆ ಮನೆ ನೋಡಿದೀವಿ ಅಂತ ಬರ್ಕೊಟ್ರೆ ಸಾಕು. ಫಾರಂ ಕಳಿಸ್ತೀನಿ. ಅವನನ್ನ ಹನ್ನೆರಡು ವರ್ಷದಿಂದ ಬಲ್ಲೆ ಅಂತ ಬರ್ದಿದೀರಲ್ಲ, ನಿಮಗೆ ಒಂದು ನಿಮಿಷದ ಕೆಲಸ.’

‘ಹೌದು. ಒಂದು ನಿಮಿಷದ ಕೆಲಸ’ ಎಂದೆ.

ಏಪ್ರಿಲ್ ೨೯.

ಫಾರಂ ಬಂತು. ಏಳು ಕಾಲಂ. ಆರನ್ನು ನಿಂತ ನಿಲುವಿನಲ್ಲೇ ತುಂಬಿದೆ. ಏಳನೆಯದು: ‘ಅರ್ಜಿದಾರನ ವಾಸದ ಮನೆಯನ್ನು ತಾವು ಒಳಹೊಕ್ಕು ನೋಡಿರುವಿರಾ? ಯಾವಾಗ?’

ಲೇಖನಿಯ ಮಸಿ ಒಣಗಿತು. ಮತ್ತೆ ಅದ್ದಿದೆ. ಮತ್ತೆ ಒಣಗಿತು.

ಹನ್ನೆರಡು ವರ್ಷ. ಅವನಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟೆ. ಮೈಸೂರಿನ ಹಾಸ್ಟೆಲಿಗೆ ಪತ್ರ ಕೊಟ್ಟೆ. ವಾಚನಾಲಯದಲ್ಲಿ ನಿಂತು ಸಮಾನತೆಯ ಮೇಲೆ ಭಾಷಣ ಮಾಡಿದೆ, ಒಂದಲ್ಲ, ನಾಲ್ಕು. ತೊರೆಕೊಪ್ಪಲು ಹೊಳೆಯಾಚೆ ಮೂರು ಮೈಲಿ.

ಮೇ ೩.

ಸೆಕೆ. ಮಂಡಿ ನೋವು. ಫಾರಂ ಮೇಜಿನ ಮೇಲಿದೆ.

ಮೇ ೯.

ಹೊಸ ಪುಸ್ತಕಗಳ ಪಟ್ಟಿ ಮಾಡಿದೆ. ಅರಕಲಗೂಡಿನಿಂದ ಭಾವಮೈದ ಬಂದಿದ್ದ, ಎರಡು ದಿನ ಇದ್ದ. ಫಾರಂ ಡ್ರಾಯರಿನಲ್ಲಿಟ್ಟೆ.

ಮೇ ೧೪.

ಲಕ್ಕಯ್ಯ ಬಂದ. ಫಾರಂ ವಿಷಯ ಅವನಿಗೆ ಹಾಸನದಲ್ಲೇ ತಿಳಿದಿದೆ. ಕೇಳಲಿಲ್ಲ. ಹೊಳೆಯಲ್ಲಿ ಈಗ ಮೊಣಕಾಲುದ್ದ ನೀರು, ದಾಟುವುದು ಸುಲಭ ಎಂದಷ್ಟೇ ಹೇಳಿದ.

‘ಬರೆದು ಕಳಿಸ್ತೀನಿ ಕಣಪ್ಪ’ ಎಂದೆ.

‘ಆಗಲಿ ಮೇಷ್ಟ್ರೆ.’

ಸುಳ್ಳು ಬರೆಯಲಾರೆ. ‘ನೋಡಿದ್ದೇನೆ’ ಎಂದು ಎರಡು ಅಕ್ಷರ ಗೀಚಿ ರುಜು ಹಾಕಿದರೆ ಯಾರೂ ಪರೀಕ್ಷಿಸುವುದಿಲ್ಲ. ಆದರೂ ಆರೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವನು. ಹಾಗಾದರೆ ಹೋಗಿ ಬರಬಹುದಲ್ಲ. ಅದಕ್ಕೆ ಏನು ಅಡ್ಡಿ ಎಂದು ಬರೆಯಹೋದರೆ ಒಂದು ಸಾಲೂ ಹುಟ್ಟುವುದಿಲ್ಲ.

ಮೇ ೨೩.

ಊಟಕ್ಕೆ ಕೂತಾಗ ಮನೆಯವಳ ಹತ್ತಿರ ತೆಗೆದೆ. ನೀನು ಏನನ್ನುತ್ತೀಯೋ ಎಂದು ಹಿಂಜರಿಕೆ, ಎಂದೆ. ಗಂಗಾಂಬಿಕೆ ಸೌಟು ಕೆಳಗಿಟ್ಟಳು.

‘ನನ್ನ ಮೇಲೆ ಹಾಕಬೇಡಿ. ನಾನೇನು ನಿಮ್ಮ ಕಾಲು ಕಟ್ಟಿದೀನಾ?’

‘ಜನ ಏನಾದರೂ ಅಂದರೆ…’

‘ಯಾವ ಜನ? ನಿಮ್ಮ ಭಾಷಣಕ್ಕೆ ಚಪ್ಪಾಳೆ ಹೊಡೆದೋರಾ? ಹೋಗೋದಾದ್ರೆ ಹೋಗಿ. ಇಲ್ಲಾ ಅಂದ್ರೆ ಆ ಹುಡುಗನಿಗೆ ಇಲ್ಲ ಅಂತ ಬಾಯ್ಬಿಟ್ಟು ಹೇಳಿ. ದಿನಾ ಡ್ರಾಯರು ಎಳೆದು ಮುಚ್ಚೋದು ಕೇಳಿ ಕೇಳಿ ನನಗೆ ತಲೆನೋವು.’

ಮೇ ೨೪, ಬುಧವಾರ.

ಹೋಗಿ ಬಂದೆ.

ಬೆಳಗಿನ ಬಿಸಿಲಿಗೆ ಮುಂಚೆ ಹೊಳೆ ದಾಟಿದೆ. ಹುಣಸೇಮರ ಸಿಕ್ಕಿತು. ಅದರ ಕೆಳಗೆ ಒಂದು ಗಳಿಗೆ ನಿಂತೆ. ನೆರಳು ಚೆನ್ನಾಗಿದೆ. ಅಲ್ಲಿಂದಲೇ ಮನೆ ಕಾಣುತ್ತದೆ, ಇಪ್ಪತ್ತು ಮಾರು.

ಅಜ್ಜಿ ಬೆಟ್ಟಮ್ಮ ಬಾಗಿಲಲ್ಲಿ ಕೂತಿದ್ದಳು. ನೋಡಿ ಎದ್ದಳು.

‘ಪೊರಕೆ ಎಲ್ಲಮ್ಮ?’ ಎಂದೆ. ಭಯಕ್ಕೋ ನಾಚಿಕೆಗೋ, ತಮಾಷೆ ಬಾಯಿಗೆ ಬಂತು.

‘ಸವ್ದೋಯ್ತು ಬುದ್ದಿ. ಮೇಷ್ಟ್ರು ಮನೆ ನೋಡಾಕ್ ಬತ್ತಾರೆ ಅಂತ ಲಕ್ಕ ಯಾವತ್ತು ಅಂದ್ನೋ ಅವತ್ತಿಂದ ದಿನಾ ಗುಡ್ಸಿ ಸಾರಿಸ್ತಾ ಇವ್ನಿ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ. ಇಪ್ಪತ್ತೈದು ದಿನ ಆಯ್ತು ಕಣ್ ಬುದ್ದಿ.’

ಅಂಗಳದಲ್ಲಿ ಸಗಣಿ ಸಾರಿಸಿದ ಪದರ ಪದರ ಎದ್ದು ಕಾಣುತ್ತಿತ್ತು.

‘ಅವತ್ತು ಆ ಸೋಮಿನ ನಾನೇ ಬುಡ್ನಿಲ್ಲ’ ಎಂದಳು. ‘ಕೇರೀಗ್ ಕೇಡಾಯ್ತದೆ ಅಂತ. ನಮ್ಮವ್ವ ಅಂಗೇ ಮಾಡ್ತಿದ್ಲು, ನಾನೂ ಅಂಗೇ ಮಾಡ್ದೆ. ಇವ್ನ್ ಕೆಲ್ಸ ಕೆಡ್ತದೆ ಅಂತ ಗೊತ್ತಿದ್ರೆ ಎತ್ಕೊಂಡ್ ಬಂದು ಒಳೀಕ್ ಕೂರಿಸ್ತಿದ್ದೆ.’ ಬಾಗಿಲ ಪಕ್ಕಕ್ಕೆ ಸರಿದು, ‘ತಲೆ ಬಗ್ಸಿ ಬುದ್ದಿ. ನಮ್ ಬಾಗ್ಲು ದೊಡ್ಡೋರು ಚಿಕ್ಕೋರು ಅಂತ ನೋಡಾಕಿಲ್ಲ, ವಡೀತದೆ.’

ಬಗ್ಗಿದೆ. ಆದರೂ ಹೊಡೆಯಿತು.

ಒಂದೂವರೆ ಅಂಕಣದ ಮನೆ. ಗೋಡೆಗೂಡಿನಲ್ಲಿ ಔಷಧದ ಹಳೇ ಶೀಶೆಗಳು, ಒಂದೊಂದರಲ್ಲೂ ಮಣ್ಣು, ಮೇಲೆ ಚೀಟಿ. ಅರಕಲಗೂಡು, ಹೊಗೆಸೊಪ್ಪಿನ ಹೊಲ. ಹಿರೀಸಾವೆ, ಕೆಂಪು. ಶೆಟ್ಟಿಹಳ್ಳಿ, ಹೊಳೆದಂಡೆ ಮೆಕ್ಕಲು. ಅಕ್ಷರ ದುಂಡಗಿವೆ, ನಾನು ತಿದ್ದಿಸಿದ್ದು. ಲಕ್ಕಯ್ಯ ಒಂದೊಂದನ್ನೇ ತೆಗೆದು ತೋರಿಸಿದ. ಹನ್ನೆರಡು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೆಟ್ಟಮ್ಮ ಎಳನೀರು ತಂದಳು. ಕೆತ್ತದ ಕಾಯಿ, ಜೊತೆಗೆ ಕತ್ತಿ — ನನ್ನ ಕೈಯಿಂದಲೇ ಕೆತ್ತಿಕೊಂಡು ಕುಡಿಯಲಿ ಎಂದು. ನಮ್ಮ ಕಡೆಯ ರೂಲ್ಸು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಕುಡಿದೆ. ಮೂಲೆಯಲ್ಲಿ ಗಡಿಗೆಯಿತ್ತು. ಒಂದು ಲೋಟ ನೀರು ಕೊಡಮ್ಮ ಎನ್ನಬೇಕಿತ್ತು. ಅನ್ನಲಿಲ್ಲ.

ಮೇ ೨೫.

ಏಳನೆಯ ಕಾಲಂ: ‘ನೋಡಿದ್ದೇನೆ. ೨೪–೫–೧೯೩೯.’ ನಾನೇ ಟಪಾಲಿಗೆ ಹಾಕಿದೆ. ಒಂದು ನಿಮಿಷ ಹಿಡಿಯಿತು.

ಜುಲೈ ೩೧.

ಇನ್ನೂ ಬಂದಿಲ್ಲ. ನಾಡಿದ್ದು ಕಳೆದರೆ ಹಡಗು. ರುದ್ರಯ್ಯನ ಕಾಗದ: ‘ತಮ್ಮ ಹೇಳಿಕೆ ಬಂದ ಕೂಡಲೇ ಬೆಂಗಳೂರಿಗೆ ಹೋಗಿದೆ. ಅಲ್ಲಿ ಸರದಿ ಪ್ರಕಾರ. ಮೇ ಮೊದಲ ವಾರ ತಲುಪಿದವರಿಗೆಲ್ಲ ಆಗಿದೆ.’

ಕೊನೆಯ ಸಾಲನ್ನು ಲಕ್ಕಯ್ಯನಿಗೆ ಓದಿ ಹೇಳಲಿಲ್ಲ.

ಆಗಸ್ಟ್ ೧೯.

ಬಂತು. ಗಟ್ಟಿ ರಟ್ಟಿನ ಪುಸ್ತಕ, ಒಳಗೆ ಅವನ ಫೋಟೋ, ಮೇಲೆ ಮುದ್ರೆ. ಹಡಗು ಹೊರಟು ಹದಿನಾರು ದಿನವಾಯಿತು. ಮುಂದಿನದು ಸೆಪ್ಟೆಂಬರ್ ೭. ಅದರಲ್ಲಿ ಹೋದರೂ ಅಕ್ಟೋಬರ್ ೫ಕ್ಕೆ ಮುಂಚೆ ಮುಟ್ಟುತ್ತಾನೆ. ಕಾಲ ಮಿಂಚಿಲ್ಲ.

ಬೆಟ್ಟಮ್ಮ ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡು, ‘ಇದ್ರಾಗೆ ನಮ್ಮನೆ ಐತಾ?’ ಎಂದು ಕೇಳಿದಳಂತೆ.

ಆಗಸ್ಟ್ ೨೭.

ಚನ್ನರಾಯಪಟ್ಟಣದವರೆಗೆ ಜೊತೆಗೆ ಹೋದೆ. ಅರಸೀಕೆರೆಯ ಬಸ್ಸು ಹತ್ತಿಸಿದೆ, ಅಲ್ಲಿಂದ ಬೊಂಬಾಯಿ ರೈಲು. ತಿಳಿದಷ್ಟು ಬುದ್ಧಿ ಹೇಳಿದೆ. ವೀಸಾ ಆಫೀಸಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕಾಲೇಜಿನ ಪತ್ರ ಕೈಯಲ್ಲಿರಲಿ, ಪೆಟ್ಟಿಗೆಯಲ್ಲಿ ಬೇಡ. ಓದು ಮುಗಿದ ಮೇಲೆ ವಾಪಸು ಬರುತ್ತೀಯಾ ಎಂದು ಕೇಳಿದರೆ ಹೌದು ಎನ್ನು.

‘ಬರದೆ ಇನ್ನೇನು ಮೇಷ್ಟ್ರೆ? ಮಣ್ಣೆಲ್ಲ ಇಲ್ಲೇ ಇದೆ’ ಎಂದ.

ಪೇಪರಿನಲ್ಲಿ ಯುರೋಪಿನ ಸುದ್ದಿ ಕೆಟ್ಟದಾಗಿದೆ.

ಸೆಪ್ಟೆಂಬರ್ ೪.

ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿನ್ನೆ ಯುದ್ಧ ಸಾರಿದರು.

ಸೆಪ್ಟೆಂಬರ್ ೧೪.

ಲಕ್ಕಯ್ಯ ಹಿಂದಕ್ಕೆ ಬಂದ. ವೀಸಾ ಆಫೀಸಿನ ಬಾಗಿಲಲ್ಲಿ ನಾಲ್ಕು ದಿನ ನಿಂತನಂತೆ. ಹಡಗು ಹೊರಡುವುದಿಲ್ಲವೆಂದು ಬೋರ್ಡು. ಪಾಸ್‌ಪೋರ್ಟು ಕೈಯಲ್ಲಿದ್ದರೂ ಇನ್ನು ದೇಶ ಬಿಡಲು ಬೇರೆ ಅಪ್ಪಣೆ ಬೇಕಂತೆ. ಆ ಅಪ್ಪಣೆಗೂ ಒಂದು ಫಾರಂ ಇದ್ದೀತು.

‘ಮೊದಲ ಹಡಗಿನಲ್ಲಿ ಹೋದೋರು ಮುಟ್ಟಿದಾರೆ ಮೇಷ್ಟ್ರೆ. ಅಲ್ಲಿ ಒಬ್ಬರು ಹೇಳಿದ್ರು’ ಎಂದ. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

‘ಒಳಗೆ ಬಾಪ್ಪ’ ಎಂದೆ.

ನನ್ನ ಮುಖ ನೋಡಿದ. ‘ಇನ್ನೊಂದು ದಿನ ಬರ್ತೀನಿ. ದಣಿವಾಗಿದೆ’ ಎಂದು ಎದ್ದು ಹೋದ.

ಅಕ್ಟೋಬರ್ ೫, ಗುರುವಾರ. ಬೆಳಿಗ್ಗೆ ಏಳು.

ಇವತ್ತು ಅಲ್ಲಿ ಹಾಜರಿ ಕರೆಯುತ್ತಾರೆ. ಅವನು ಚನ್ನರಾಯಪಟ್ಟಣದ ಕಡೆ ಯಾವುದೋ ಪ್ರೈಮರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಶೀಶೆಗಳನ್ನು ಅಜ್ಜಿ ತೊಳೆದಿಟ್ಟಳಂತೆ, ಎಣ್ಣೆಗಾಗುತ್ತದೆ ಎಂದು.

ಪತ್ರಿಕೆಗೆ ಕಳಿಸುವ ಕಾಗದದ ಕರಡು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

‘ಮಹನೀಯರೆ, ಕೆಳಕಂಡ ಪ್ರಶ್ನೆಗಳಿಗೆ ಸಂಬಂಧಪಟ್ಟವರು ಸಾರ್ವಜನಿಕವಾಗಿ, ಹೆಸರು ಹಾಕಿ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇನೆ.

ಫೆಬ್ರವರಿ ೬ರ ಅರ್ಜಿಗೆ ಮಾರ್ಚ್ ೨೦ರವರೆಗೆ ವಿಚಾರಣೆ ಯಾಕೆ ನಡೆಯಲಿಲ್ಲ? ಅಂದು ಎದುರಿಗೆ ಬಂದು ಹೆಸರು ಹೇಳಿದ ಮನುಷ್ಯನನ್ನು ಇಲ್ಲವೆಂದು ಬರೆದವರು ಯಾರು, ಅದಕ್ಕೆ ರುಜು ಹಾಕಿದವರು ಯಾರು? ಪ್ಲೇಗಿಗೆ ಸಿಕ್ಕಿದ ಮನೆ ಪಾಸ್‌ಪೋರ್ಟಿಗೆ ಯಾಕೆ ಸಿಗಲಿಲ್ಲ?

ಕೊನೆಯದಾಗಿ, ಒಂದು ನಿಮಿಷದಲ್ಲಿ ತುಂಬಬಹುದಾಗಿದ್ದ ಫಾರಂ ಏಪ್ರಿಲ್ ೨೯ರಿಂದ ಮೇ ೨೪ರವರೆಗೆ, ಇಪ್ಪತ್ತೈದು ದಿನ, ಯಾರ ಡ್ರಾಯರಿನಲ್ಲಿತ್ತು? ಅದಿಲ್ಲದಿದ್ದರೆ ಅರ್ಜಿದಾರ ಮೊದಲ ಹಡಗು ಹತ್ತುತ್ತಿದ್ದ. ಇದಕ್ಕೂ ಸಾರ್ವಜನಿಕ ಉತ್ತರ ಬೇಕು. ಉತ್ತರ ಕೊಡಬೇಕಾದವನ ಹೆಸರು