ಕನ್ನಡದಲ್ಲಿ ನಡೆದ ಜಗಳ

ಶಹಾಬಾದ
೧೨ ಫೆಬ್ರುವರಿ ೨೦೨೫, ಬುಧವಾರ

ಜಬೀನಾಳ ಅಬ್ಬಾ ಅವರಿಗೆ ನಿಮ್ಮ ರಿಹಾನಳ ಸಲಾಂ,

ನಿಮ್ಮ ತಬಿಯತ್ ಹೇಗಿದೆ? ಮಾರ್ಬಲ್ ಉಜ್ಜುವ ಧೂಳಿಗೆ ಕೆಮ್ಮು ಬಂದಿತ್ತಲ್ಲ, ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಶಹಾಬಾದಿನ ಕಲ್ಲಿನ ಧೂಳು ಕುಡಿದು ಬೆಳೆದವನಿಗೆ ದಮ್ಮಾಮಿನ ಧೂಳು ಯಾವ ಲೆಕ್ಕ ಎಂದು ಜಂಬ ಕೊಚ್ಚುತ್ತಿದ್ದೀರೋ? ಇಲ್ಲಿ ನಾನು, ಅಮ್ಮಿ, ಜಬೀನಾ ಚೆನ್ನಾಗಿದ್ದೇವೆ. ನಿಮ್ಮ ಅಮ್ಮಿ ಮನೆಯೊಳಗೇ ಇದ್ದಾರೆ, ಇದನ್ನು ಎರಡು ಸಲ ಓದಿಕೊಳ್ಳಿ. ಈಗ ನನ್ನ ಪಕ್ಕದಲ್ಲೇ ಕೂತು ನಿಮಗೆಂದು ಶೇಂಗಾ ಚಟ್ನಿ ಕುಟ್ಟುತ್ತಿದ್ದಾರೆ; ಕುಟ್ಟಿದ್ದರಲ್ಲಿ ಅರ್ಧ ಅವರ ಬಾಯಿಗೇ ಹೋಗುತ್ತಿದೆ. ರಜೆಗೆ ಬಂದಿದ್ದ ಹಾಜಿಮಲಂಗ್ ಭಾಯಿ ಶುಕ್ರವಾರ ಸೌದಿಗೆ ವಾಪಸು ಹೊರಟಿದ್ದಾರೆ. ನೀವು ನನ್ನ ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಚಟ್ನಿಯ ಜೊತೆ ಬಂದ ಕಾಗದವನ್ನಾದರೂ ಓದದೆ ಇರಲಾರಿರಿ ಎಂದು ಬರೆಯುತ್ತಿದ್ದೇನೆ.

ನಿಮಗೆ ಫೋನ್ ಮಾಡಿದ್ದು ಪಕ್ಕದ ಮನೆಯ ಸುಂದರಮ್ಮ ಕಾಕಿ. ಏನೆಂದರು ಎಂದು ಅವರೇ ನನಗೆ ಒಪ್ಪಿಸಿದ್ದಾರೆ. "ಕಲೀಮಾ, ಲಗೂ ಬಾರಪ! ನಿನ್ನ ಹೇಣ್ತಿ ನಿಮ್ಮವ್ವನ್ನ ಮನಿ ಬಿಟ್ಟು ಹೊರಗ ಹಾಕಾಕತ್ತಾಳ. ಟೀವಿಗಿ ಬರದು ಬರದು ಆಕಿ ತಲಿ ಕೆಟ್ಟದ." ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ನೀವೂ ಹಿಂದುಮುಂದು ನೋಡದೆ ನನಗೆ ಫೋನ್ ಹಚ್ಚಿದಿರಿ. "ಆ ಬರಿಯೂದು ಇವತ್ತೇ ಬಂದ್ ಮಾಡು" ಎಂದಿರಿ, ನಾನು ಬಾಯಿ ತೆರೆಯುವ ಮೊದಲೇ ಕಟ್ ಮಾಡಿದಿರಿ. ತಾಯಿಯ ಮೇಲಿನ ಪ್ರೀತಿಯಿಂದ ಬಂದ ಕೋಪ, ಅದಕ್ಕೆ ನಾನು ಬೇಜಾರು ಮಾಡಿಕೊಂಡಿಲ್ಲ. ಸುಳ್ಳು, ಮಾಡಿಕೊಂಡಿದ್ದೇನೆ. ಆದರೆ ಬರೆಯುವುದನ್ನು ಬಂದ್ ಮಾಡುವುದಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಇದಕ್ಕಾಗಿ ನಾನು ಎಷ್ಟು ಒದ್ದಾಡಿದ್ದೇನೆ ಎಂಬುದು ನಿಮಗಿಂತ ಹೆಚ್ಚು ಯಾರಿಗೆ ಗೊತ್ತು? ತೆಲುಗು ಧಾರಾವಾಹಿಗೆ ಕನ್ನಡದ ಮಾತು ಬರೆಯುವವರು ಬೇಕು ಎಂದು ಹೈದರಾಬಾದಿನ ಸ್ಟುಡಿಯೋದವರು ಹಾಕಿದ್ದ ಜಾಹೀರಾತನ್ನು ಮೊಬೈಲಿನಲ್ಲಿ ನೋಡಿ, "ಗಡಿ ಮ್ಯಾಗಿನ ಸುಲೇಪೇಟದಾಗ ಹುಟ್ಟಿದಾಕಿ ನೀ, ತೆಲುಗು ಬರ್ತದ, ಕನ್ನಡ ಬರ್ತದ, ಬಾಯಂತೂ ಭಾಳ ಅದ, ಬರದು ನೋಡು" ಎಂದು ಹುರಿದುಂಬಿಸಿದವರು ನೀವೇ. ಅವರು ಒಂದು ದೃಶ್ಯ ಕಳಿಸುತ್ತಾರೆ. ಅಲ್ಲಿ ನಟಿಯ ತುಟಿ ಎಲ್ಲಿ ಮುಚ್ಚುತ್ತದೋ ನಮ್ಮ ಕನ್ನಡದ ಮಾತಿನಲ್ಲೂ ಅಲ್ಲೇ ತುಟಿ ಮುಚ್ಚಬೇಕು. ನಾನು ಟೀವಿಯ ದನಿ ಬಂದ್ ಮಾಡಿ, ರೊಟ್ಟಿ ಬಡಿಯುತ್ತ, ಎಲ್ಲರ ಬಾಯಿಗೂ ಮಾತು ತುಂಬುತ್ತಿದ್ದೆ. ಕಳಿಸಿದ್ದೆಲ್ಲ ವಾಪಸು ಬರುತ್ತಿತ್ತು. ಕನ್ನಡದ ಕೆಲಸ ನೋಡುವ ದೇವಿಂದ್ರಪ್ಪ ಸರ್ ನಮ್ಮ ಚಿತ್ತಾಪುರದ ಕಡೆಯವರು. "ತುಟಿಗಿ ಖರೇನೇ ಕೂಡ್ತದ ತಂಗಿ, ಆದ್ರ ಹಿಂಗ ಯಾರು ಮಾತಾಡ್ತಾರ?" ಎಂದು ಪ್ರತಿಸಲ ಅದನ್ನೇ ಕೇಳುವರು. ಒಲೆಯ ಮುಂದೆ ಕೂತು ಅತ್ತದ್ದೂ ಉಂಟು. ಹೊಗೆಯಿಂದ ಎಂದು ನಿಮಗೆ ವಿಡಿಯೋ ಕಾಲಿನಲ್ಲಿ ಸುಳ್ಳು ಹೇಳಿದ್ದೆ. ನಮ್ಮಲ್ಲಿ ಗ್ಯಾಸ್ ಒಲೆ ಇದೆಯಲ್ಲ ಎಂದು ನೀವು ಕೇಳಲೂ ಇಲ್ಲ, ಪುಣ್ಯಾತ್ಮರು!

ಹೋದ ವಾರ ಬಂದದ್ದು ಅತ್ತೆ ಸೊಸೆಯನ್ನು ಮನೆಯಿಂದ ಹೊರಹಾಕುವ ದೃಶ್ಯ. ಇದೇ ಕೊನೆ, ಇದೂ ಸರಿಬರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಸರ್ ಹೇಳಿಬಿಟ್ಟಿದ್ದರು. ಬರೆದು ಹರಿದು, ಹರಿದು ಬರೆದು ಕೂತಿದ್ದಾಗ ಅಮ್ಮಿ ಬಂದು, "ಕಾಗದದಾಗ ಜಗಳ ಮಾಡಿದ್ರ ಹೆಂಗ ಬರ್ತದ? ಬಾಯಿಲೆ ಮಾಡು" ಎಂದರು. ಸರಿ, ನೀವು ಅತ್ತೆಯಾಗಿ ಎಂದೆ. "ಅತ್ತಿ ಆಗಿ ಆಗಿ ನನಗ ಬ್ಯಾಸರ ಬಂದದ. ನೀ ಅತ್ತಿ ಆಗು, ನಾ ಸೊಸಿ ಆಗ್ತೀನಿ!" ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಹೀಗೆ ಬಂತು. ದುಪಟ್ಟಾ ಸೊಂಟಕ್ಕೆ ಬಿಗಿದು, "ಈ ಮನಿ ನಂದು! ನಡಿ ಹೊರಗ!" ಎಂದು ಕೂಗಿದೆ. ನಮ್ಮ ನಿಜವಾದ ಜಗಳಗಳೆಲ್ಲ ಮನೆಮಾತಾದ ದಖನಿ ಉರ್ದುವಿನಲ್ಲಿ ನಡೆಯುತ್ತವೆ. ಅವು ಸುಂದರಮ್ಮ ಕಾಕಿಗೆ ಅಷ್ಟಕ್ಕಷ್ಟೇ ತಿಳಿಯುತ್ತವೆ, ಹಾಗಾಗಿ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಧಾರಾವಾಹಿಯ ಜಗಳವಾದ್ದರಿಂದ ಕನ್ನಡದಲ್ಲಿ ನಡೆಯಿತು. ಗೋಡೆಯಾಚೆ ಒಂದಕ್ಷರವೂ ಬಿಡದೆ ಕೇಳಿಸಿತು.

ಅಮ್ಮಿ ಹೊಸ್ತಿಲಲ್ಲಿ ನಿಂತರು. ನಾನು ಬರೆದುಕೊಟ್ಟ ಮಾತು ಹೇಳಲೇ ಇಲ್ಲ. "ಹೊರಗ ಹೋಗು ಅಂತೀರಲ್ಲ, ಒಳಗ ಯಾವತ್ತರ ಕರದೀರೇನು ನನ್ನ?" ಎಂದವರೇ ಗಳಗಳನೆ ಅತ್ತುಬಿಟ್ಟರು. ನಾನು ಗಾಬರಿಯಾಗಿ ತಬ್ಬಿಕೊಂಡೆ. ಆ ಮಾತನ್ನು ತಮ್ಮ ಅತ್ತೆಗೆ, ಅಂದರೆ ನಿಮ್ಮ ದಾದಿಗೆ ಹೇಳಬೇಕೆಂದು ಮದುವೆಯಾಗಿ ಬಂದ ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರಂತೆ. ಹೇಳುವ ಧೈರ್ಯ ಬರುವಷ್ಟರಲ್ಲಿ ಅವರು ತೀರಿಹೋದರು. ಅಮ್ಮಿಯ ಜೊತೆ ಇಷ್ಟು ವರ್ಷ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಇತ್ತ ಕಾಕಿ ನಿಮಗೆ ಫೋನ್ ಮಾಡಿ ಮುಗಿಸಿ, ಓಡಿಬಂದು ನೋಡಿದರೆ ಅತ್ತೆ ಸೊಸೆ ತಬ್ಬಿಕೊಂಡು ಅಳುತ್ತಿದ್ದಾರೆ! ವಿಷಯ ತಿಳಿದ ಮೇಲೆ ನಿಮಗೆ ಮತ್ತೆ ಫೋನ್ ಮಾಡಿ ತಿಳಿಸಿದರೇ? ಇಲ್ಲ. ಚಹಾ ಕುಡಿದು, "ನನಗೂ ಒಂದು ಪಾರ್ಟ್ ಕೊಡು, ನಾ ಬೈತೀನಿ, ನನಗ ಚಲೋ ಬರ್ತದ" ಎಂದು ಕೂತರು.

ಅಮ್ಮಿಯ ಆ ಮಾತನ್ನೇ ಬರೆದೆ. ಒಂದೆರಡು ಪದ ಹಿಂದೆಮುಂದೆ ಮಾಡಿದ ಮೇಲೆ ತುಟಿಗೂ ಕೂತಿತು. ಸೋಮವಾರ ದೇವಿಂದ್ರಪ್ಪ ಸರ್ ತಾವಾಗಿ ಫೋನ್ ಮಾಡಿ, "ಎಲ್ಲಿತ್ತು ತಂಗಿ ಈ ಮಾತು? ದನಿ ಕೊಡೂ ಹುಡುಗಿ ಮೈಕ್ ಮುಂದ ಅತ್ತಳು" ಎಂದರು. ನಾನು ಪಾಸಾದೆ! ಇನ್ನು ಮೇಲೆ ಇಡೀ ಧಾರಾವಾಹಿಗೆ ನಾನೇ ಬರೆಯುವವಳು. ಟೀವಿಯಲ್ಲಿ ‘ಸಂಭಾಷಣೆ: ರಿಹಾನ’ ಎಂದು ಹೆಸರು ಬರುತ್ತದೆ. ನನಗೆ ಕುಣಿಯುವಷ್ಟು ಖುಷಿಯಾಯಿತು, ಕುಣಿದೂ ಬಿಟ್ಟೆ, ಜಬೀನಾಳನ್ನು ಎತ್ತಿಕೊಂಡು. ನಿಮಗೆ ಹೇಳಬೇಕೆಂದು ಫೋನ್ ಮಾಡಿದರೆ ನೀವು ಎತ್ತಲಿಲ್ಲ. ಆ ಖುಷಿಯಲ್ಲಿ ಅದೊಂದೇ ಕೊರತೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಚಟ್ನಿಯನ್ನು ರೂಮಿನವರಿಗೂ ಕೊಡಿ. ಅಮ್ಮಿ ದುವಾ ಹೇಳಿದ್ದಾರೆ, ಜಬೀನಾ ಮುತ್ತು ಕಳಿಸಿದ್ದಾಳೆ, ಸುಂದರಮ್ಮ ಕಾಕಿ ತಮ್ಮ ತಪ್ಪೇನೂ ಇಲ್ಲ ಎಂದು ಬರೆಯಲು ಹೇಳಿದ್ದಾರೆ. ಅಲ್ಲಾಹು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿಮ್ಮ ಮೇಲೆ ಕೋಪವೂ ಪ್ರೀತಿಯೂ ಇರುವ,
ರಿಹಾನ

ತಾ.ಕ.: ಹಾಜಿಮಲಂಗ್ ಭಾಯಿ ಡಬ್ಬಿ ಒಯ್ಯಲು ಬಂದು ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ, ದಿನಾ ಸ್ಟುಡಿಯೋಗೆ ಹೋಗಬೇಕು. ನಾನು ಹ್ಞೂಂ ಅಂದುಬಿಟ್ಟಿದ್ದೇನೆ. ಅಮ್ಮಿಯ ತಂಗಿ ರಶೀದಾಬೇಗಂ ಹೈದರಾಬಾದಿನ ತಮ್ಮ ಮನೆಯ ಮೇಲಿನ ಕೋಣೆ ಬಿಟ್ಟುಕೊಡುತ್ತಾರೆ. ರಂಜಾನಿಗೆ ಮೊದಲೇ ಮೂವರೂ ಹೊರಡುತ್ತೇವೆ; ಅಮ್ಮಿಯ ಪೆಟ್ಟಿಗೆ ಆಗಲೇ ಸಿದ್ಧ. ಅಷ್ಟು ದೂರ ಹಾರಿ ಬಂದದ್ದು ಗೊತ್ತಾಗುವುದಿಲ್ಲ, ಹೈದರಾಬಾದಿನಲ್ಲಿ ಇಳಿದ ಮೇಲೆ ನಮ್ಮ ವಾಡಿ ಜಂಕ್ಷನ್ ತನಕದ ರೈಲೇ ಮುಗಿಯುವುದಿಲ್ಲ ಎನ್ನುತ್ತೀರಲ್ಲ, ಈ ಈದಿಗೆ ಬರುವಾಗ ಆ ರೈಲು ಬೇಡ. ವಿಮಾನ ಇಳಿದು ಹೊರಗೆ ಬನ್ನಿ, ನಾನು ಅಲ್ಲೇ ನಿಂತಿರುತ್ತೇನೆ.