ಹೈಡ್ರೋಜನ್ ಕಂಡ ತಗಡು

ನನ್ನ ಪುಟಾಣಿಗೆ,

ಹುಟ್ಟುವ ಮೊದಲೇ ನೀನು ಹೊರಟುಬಿಟ್ಟೆ. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಲಿ? ಆರು ತಿಂಗಳು ಹೊಟ್ಟೆಯೊಳಗಿಂದ ನನ್ನ ಮಾತೆಲ್ಲ ಕೇಳಿಸಿಕೊಂಡೆಯಲ್ಲ, ಇದೊಂದನ್ನೂ ಕೇಳು.

ಮತ್ತೆ ಪ್ರಯೋಗಾಲಯಕ್ಕೆ ಹೋಗುತ್ತಿದ್ದೇನೆ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಅಲ್ಲಿ ಪಂಪು ಗುರ್ ಎಂದಾಗಲೆಲ್ಲ ಒದೆಯುತ್ತಿದ್ದವರು ಯಾರು ಮತ್ತೆ? ಪಲೇಡಿಯಂ ಎಂಬ ಲೋಹದ ತೆಳು ತಗಡಿಗೆ ಹೈಡ್ರೋಜನ್ ಉಣಿಸುವುದು ನನ್ನ ಕೆಲಸ. ಆ ಅನಿಲದ ಕಣಗಳು ಜೋಡಿಯಾಗಿ ಬರುತ್ತವೆ. ಲೋಹ ಮುಟ್ಟಿದ್ದೇ ತಡ, ಜೋಡಿ ಮುರಿದು ಒಂಟಿಯಾಗಿ ಒಳಗಿಳಿಯುತ್ತವೆ. ತಗಡು ಉಬ್ಬುತ್ತದೆ. ಅನಿಲ ಹೊರಟುಹೋದ ಮೇಲೆ ತೂಕ ಮೊದಲಿನಷ್ಟೇ. ಹೀಗೆ ಬೇರೆಯವರ ಕ್ರಿಯೆಗೆ ವೇಗ ಕೊಡುವ ಲೋಹಕ್ಕೆ ವೇಗವರ್ಧಕ ಎನ್ನುತ್ತಾರೆ; ಅದು ಕೊನೆಗೂ ಇದ್ದ ಹಾಗೇ ಉಳಿಯುತ್ತದೆ ಎನ್ನುತ್ತದೆ ಪಾಠಪುಸ್ತಕ. ಡಾಕ್ಟರೂ ನನಗೆ ಅದನ್ನೇ ಹೇಳಿದರು: "ಎಲ್ಲಾ ನಾರ್ಮಲ್ ಆಗಿದೆಯಮ್ಮ."

ನಿನ್ನ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. "ಮಕ್ಕಳೆಷ್ಟು ಅಂತ ಯಾರಾದ್ರೂ ಕೇಳಿದ್ರೆ ಇನ್ನೂ ಆಗಿಲ್ಲ ಅನ್ನು. ಕೆದಕಿ ಏನು ಬಂತು?" ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಬೈಯಲಾಗಲಿಲ್ಲ. ನಿನ್ನಪ್ಪ ತೊಟ್ಟಿಲನ್ನು ಅಟ್ಟಕ್ಕೇರಿಸಿದ್ದಾರೆ. ಧೂಳು ಒರೆಸುವ ನೆಪದಲ್ಲಿ ಆಗಾಗ ಹತ್ತಿ ಹೋಗುತ್ತಾರೆ.

ಇವತ್ತು, ಹೊಸದಾಗಿ ಸೇರಿದ ಸಹೋದ್ಯೋಗಿ ಒಂದು ಎಡವಟ್ಟು ಮಾಡಿದಳು. ನಮ್ಮಲ್ಲಿ ಒಮ್ಮೆ ಹೈಡ್ರೋಜನ್ ಕಂಡ ತಗಡನ್ನು ಹೊಸದರ ಜೊತೆ ಇಡುವುದಿಲ್ಲ, ಅದಕ್ಕೆ ಬೇರೆ ಡಬ್ಬಿ. ಅದರ ಒಳಗು ಮೊದಲಿನಂತಿರುವುದಿಲ್ಲ. ಹೊಸದೆಂದು ನಂಬಿದರೆ ಪ್ರಯೋಗವೇ ತಲೆಕೆಳಗು. ತೂಕ ಸರಿಹೋಯಿತೆಂದು ಅವಳು ಹೊಸದರಲ್ಲೇ ಸೇರಿಸಿಬಿಟ್ಟಿದ್ದಳು. "ಎಲ್ಲಾ ಒಂದೇ ಥರ ಇವೆಯಲ್ಲ, ಬಿಡಿ ಮೇಡಂ," ಅಂದಳು. ಎಲ್ಲಿತ್ತೋ ಸಿಟ್ಟು, ಕೂಗಾಡಿಬಿಟ್ಟೆ. ಪಾಪ, ಬೆಪ್ಪಾಗಿ ನಿಂತಳು. ಒಂದೊಂದೇ ತಗಡನ್ನು ಬೆಳಕಿಗೆ ಹಿಡಿದು ಹುಡುಕಿದೆ. ಸಿಕ್ಕಿತು. ಅಂಚು ಒಂಚೂರು ಸೊಟ್ಟಗಾಗಿತ್ತು, ಮೈ ಸುಕ್ಕಾಗಿತ್ತು. ಅದನ್ನು ಅದರ ಡಬ್ಬಿಗೆ ಹಾಕಿ, ಅಲ್ಲೇ ಕುಳಿತು ಅತ್ತುಬಿಟ್ಟೆ.

ಅವಳು ನೀರು ತಂದುಕೊಟ್ಟಳು. ಏನು ಮಾತಾಡಬೇಕೋ ತೋಚದೆ, "ಮನೇಲಿ ಮಕ್ಕಳೆಷ್ಟು ಮೇಡಂ?" ಅಂದಳು.

ಅಜ್ಜಿ ಕಲಿಸಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಒಂದು," ಅಂದೆ. "ಉಳೀಲಿಲ್ಲ."

ಮೊದಲ ಸಲ ನಿನ್ನನ್ನು ಎಣಿಕೆಗೆ ಸೇರಿಸಿದೆ ಕಂದಾ. ಎಲ್ಲಿದ್ದರೂ ತಣ್ಣಗಿರು.

ಇಂತಿ,
ನಿನ್ನಿಂದಲೇ ಅಮ್ಮನಾದವಳು